ಮಳೆಗಾಲ ಕಳೆದರೂ ಅಲುಗಾಡದ ಅಟ್ಟದ ಮಂಚ: ಮನೆಯಲ್ಲೇ ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ಮೇಲೆ ಮಲಗುವ ಜಾಗ, ಕೆಳಗೆ ಓದುವ ಮೇಜು ಎಂಬ ಲೆಕ್ಕದಲ್ಲಿ ಮನೆಯಲ್ಲೇ ಲಾಫ್ಟ್ ಬೆಡ್, ಅಂದರೆ ಅಟ್ಟದ ಮಂಚ ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಸೋಲುವುದು ಮೂರೇ ಕಡೆ. ಮಂಚ ಭಾರ ಹೊರುತ್ತದೆ, ಆದರೆ ಮಗ್ಗುಲು ಬದಲಿಸಿದಾಗಲೆಲ್ಲ ತೂಗುತ್ತದೆ. ಎಲ್ಲ ಮುಗಿದ ಮೇಲೆ ಫ್ಯಾನು ತಲೆಗೆ ತಾಗುವಷ್ಟು ಹತ್ತಿರವಿದೆ ಎಂದು ಗೊತ್ತಾಗುತ್ತದೆ. ಇಲ್ಲವೇ ಮೊದಲ ಮಳೆಗಾಲ ಕಳೆದು ಚಳಿ ಬೀಳುವ ಹೊತ್ತಿಗೆ ಜೋಡಣೆಗಳೆಲ್ಲ ಸಡಿಲವಾಗಿ ಹಾಸಿಗೆಯ ಅಡಿ ಬೂಷ್ಟು ಹಿಡಿದಿರುತ್ತದೆ. ಈ ಮೂರಕ್ಕೂ ಕಾರಣ ಕೈಚಳಕದ ಕೊರತೆಯಲ್ಲ, ಕೆಲಸದ ಕ್ರಮ ತಪ್ಪುವುದು. ನಾನು ಕಟ್ಟಿದ ಮೊದಲ ಮಂಚಕ್ಕೆ ಮೇ ತಿಂಗಳಲ್ಲಿ ಮಿಲ್ಲಿನಿಂದ ಹಸಿ ಅಕೇಶಿಯಾ ತಂದು ಜೂನ್ ಮೊದಲ ವಾರವೇ ಜೋಡಿಸಿದ್ದೆ. ಮುಂದಿನ ಫೆಬ್ರವರಿಯಲ್ಲಿ ನೋಡಿದರೆ ಬೋಲ್ಟಿನ ತಲೆಗೂ ಮರಕ್ಕೂ ನಡುವೆ ಒಂದು ನಾಣ್ಯ ತೂರುವಷ್ಟು ಸಂದು ಬಿದ್ದಿತ್ತು.

ಇಲ್ಲಿನ ಅಳತೆಗಳು 75×36 ಇಂಚಿನ, 4 ಇಂಚು ದಪ್ಪದ ಒಂಟಿ ಹಾಸಿಗೆಗೆ ಮತ್ತು 10 ಅಡಿ ಎತ್ತರದ ತಾರಸಿ ಕೋಣೆಗೆ ಹೊಂದುವಂಥವು. ನಿಮ್ಮ ಹಾಸಿಗೆ ಬೇರೆಯಾದರೆ ಎಲ್ಲ ಅಳತೆಗಳನ್ನೂ ಹಾಸಿಗೆಯಿಂದಲೇ ಶುರುಮಾಡಿ ಮತ್ತೆ ಲೆಕ್ಕ ಹಾಕಬೇಕು.

ಹಂತ 1: ಮರಕ್ಕಿಂತ ಮೊದಲು ಫ್ಯಾನಿನ ಲೆಕ್ಕ

ಸಾಮಾನ್ಯ ಸೀಲಿಂಗ್ ಫ್ಯಾನಿನ ರೆಕ್ಕೆಗಳು ಸುತ್ತುವ ವೃತ್ತದ ವ್ಯಾಸ 1,200 ಮಿಲಿಮೀಟರ್, ಅಂದರೆ ಸುಮಾರು 4 ಅಡಿ. 10×10 ಅಡಿಯ ಕೋಣೆಯ ನಡುವೆ ಫ್ಯಾನು ಇದ್ದರೆ ರೆಕ್ಕೆಯ ತುದಿ ಗೋಡೆಯಿಂದ 3 ಅಡಿ, ಅಂದರೆ 36 ಇಂಚು ದೂರಕ್ಕೆ ಬರುತ್ತದೆ. ನಾವು ಕಟ್ಟುವ ಮಂಚ ಗೋಡೆಯ ಸಂದನ್ನೂ ಸೇರಿಸಿ ಗೋಡೆಯಿಂದ 46 ಇಂಚಿನವರೆಗೆ ಚಾಚುತ್ತದೆ. ಹಾಗಾಗಿ 10 ಇಂಚಿನಷ್ಟು ಮಂಚ ರೆಕ್ಕೆಯ ಅಡಿಯಲ್ಲೇ ಬೀಳುತ್ತದೆ. ಎತ್ತರದ ಲೆಕ್ಕವೂ ಸಮಾಧಾನ ಕೊಡುವುದಿಲ್ಲ: ತಾರಸಿಯಿಂದ ಒಂದು ಅಡಿ ಕೆಳಗೆ ತೂಗುವ ರೆಕ್ಕೆಗೂ ಹಾಸಿಗೆಯ ಮೇಲ್ಮೈಗೂ ನಡುವೆ ಉಳಿಯುವುದು ಸುಮಾರು 41 ಇಂಚು, ನಿದ್ದೆಗಣ್ಣಿನಲ್ಲಿ ಎದ್ದು ಕೂತು ಕೈ ಮೇಲೆತ್ತಿದರೆ ಸಾಕು, ಬೆರಳು ರೆಕ್ಕೆಗೆ ತಾಗುತ್ತದೆ.

ಆದುದರಿಂದ ಚಾಚಿದ ಕೈಯೂ ತಲುಪದಷ್ಟು, ಎಂದರೆ ರೆಕ್ಕೆಯ ತುದಿಗೂ ಮಂಚದ ಅಂಚಿಗೂ ಕನಿಷ್ಠ 3 ಅಡಿ ಅಡ್ಡ ಅಂತರ ಸಿಗದ ಕೋಣೆಯಲ್ಲಿ ಸೀಲಿಂಗ್ ಫ್ಯಾನನ್ನು ಇಳಿಸಿ ಗೋಡೆ ಫ್ಯಾನು ಹಾಕಿಸುವುದು ಮೊದಲ ಕೆಲಸ. ಮಂಚ ಎದ್ದ ಮೇಲೆ ಮಾಡುತ್ತೇವೆ ಎಂದವರು ಅದನ್ನು ಮಾಡಿದ್ದನ್ನು ನಾನು ಕಂಡಿಲ್ಲ.

ಹೆಂಚಿನ ಮಾಡಿನ ಮನೆಯಾದರೆ ಎತ್ತರವನ್ನು ಕೋಣೆಯ ನಡುವೆ ಅಳೆಯದೆ, ಮಂಚದ ತಲೆದಿಂಬು ಬರುವ ಜಾಗದಲ್ಲೇ, ಪಕಾಸಿನ, ಅಂದರೆ ಹೆಂಚು ಹೊರುವ ಓರೆ ಮರದ, ಅಡಿಯಿಂದ ಅಳೆಯಬೇಕು. ಹಾಸಿಗೆಯ ಮೇಲೆ 36 ಇಂಚು ಸಿಗದಿದ್ದರೆ ಈ ಯೋಜನೆ ಆ ಗೋಡೆಗೆ ಒಗ್ಗುವುದಿಲ್ಲ. ತಾರಸಿ ಮನೆಯವರಿಗೆ ಇನ್ನೊಂದು ಮಾತು: ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿಯೂ ಬಿಸಿ ಉಗುಳುತ್ತದೆ, ಮೇಲೆ ಮಲಗುವವರು ಅದಕ್ಕೆ ನಾಲ್ಕು ಅಡಿ ಹತ್ತಿರವಾಗುತ್ತಾರೆ. ಕಿಟಕಿಯ ಗಾಳಿ ಹಾಯುವ ಗೋಡೆಯನ್ನೇ ಆರಿಸಿಕೊಳ್ಳಿ.

ಹಂತ 2: ಎತ್ತರಗಳನ್ನು ಕಾಗದದ ಮೇಲೆ ಕೂಡಿಸುವುದು

ನೆಲದಿಂದ ಮೇಲಕ್ಕೆ ಒಂದೊಂದೇ ಅಳತೆಯನ್ನು ಕೂಡಿಸುತ್ತ ಹೋಗಿ. ಕೆಳಗೆ ಕುರ್ಚಿ ಹಾಕಿ ಕೂರಲು 60 ಇಂಚು ಖಾಲಿ ಜಾಗ, ಅದರ ಮೇಲೆ 5 ಇಂಚು ಎತ್ತರದ ಉದ್ದಪಟ್ಟಿ, ಅದರ ಮೇಲೆ 12 ಇಂಚು ತಡೆಪಟ್ಟಿ. ಒಟ್ಟು 77 ಇಂಚು. ಕಂಬದ ಉದ್ದ 78 ಇಂಚು ಇಟ್ಟುಕೊಂಡರೆ ತುದಿ ದುಂಡಗೆ ಮಾಡಲು ಒಂದು ಇಂಚು ಉಳಿಯುತ್ತದೆ. ಹಾಸಿಗೆಯನ್ನು ಹೊರುವ ತೆಳು ಮರದ ರೀಪುಗಳು ಉದ್ದಪಟ್ಟಿಯ ಒಳಗೆ ಇಳಿದು ಕೂರುವುದರಿಂದ ಹಾಸಿಗೆಯ ಮೇಲ್ಮೈ ನೆಲದಿಂದ ಸುಮಾರು 66½ ಇಂಚಿಗೆ ಬರುತ್ತದೆ.

ಮಂಚದ ಆಕಾರ ಹೀಗಿರಲಿ: ಎರಡು ಉದ್ದಪಟ್ಟಿಗಳು ಕಂಬಗಳ ಒಳಮುಖಕ್ಕೆ, ಎರಡು ಅಡ್ಡಪಟ್ಟಿಗಳು ಕಂಬಗಳ ತುದಿಯ ಹೊರಮುಖಕ್ಕೆ. ಹೀಗೆ ಮಾಡಿದರೆ ಹಾಸಿಗೆಯ ಮೂಲೆಗೆ ಕಂಬ ಅಡ್ಡಬರುವುದಿಲ್ಲ. ಉದ್ದಪಟ್ಟಿಗಳ ನಡುವೆ 37 ಇಂಚು, ಅವುಗಳ ಉದ್ದ 76 ಇಂಚು. ಹಾಸಿಗೆಯ ಸುತ್ತ ಚಾದರ ಸಿಕ್ಕಿಸಲು ಒಟ್ಟು ಒಂದು ಇಂಚು ಸಡಿಲ ಸಾಕು. ಪೂರ್ತಿ ಮಂಚ ಸುಮಾರು 79 ಇಂಚು ಉದ್ದ, 45 ಇಂಚು ಅಗಲವಾಗುತ್ತದೆ. ಚಾಕ್‌ಪೀಸಿನಲ್ಲಿ ನೆಲದ ಮೇಲೆ ಇದೇ ಅಳತೆಯ ಚೌಕ ಬರೆದು, ಬಾಗಿಲೂ ಕಪಾಟೂ ತೆರೆಯುತ್ತವೆಯೇ ಎಂದು ಎರಡು ದಿನ ನೋಡಿ.

ಹಂತ 3: ಮರ

ಈ ಅಳತೆಗೆ ಕೊಯ್ದು ಬಿಸಾಡುವುದನ್ನೂ ಸೇರಿಸಿ ಸುಮಾರು 7 ಘನ ಅಡಿ ಮರ ಬೇಕು. ತೇಗ, ಹೆಬ್ಬಲಸು, ಚೆನ್ನಾಗಿ ಬಲಿತ ಹಲಸು ಮೂರೂ ಕಂಬಕ್ಕೂ ಪಟ್ಟಿಗೂ ಯೋಗ್ಯ. ಅಕೇಶಿಯಾ ನಮ್ಮ ಕರಾವಳಿಯ ಕಡೆ ಸುಲಭವಾಗಿ ಸಿಗುತ್ತದೆ, ಗಟ್ಟಿಯೂ ಹೌದು, ಆದರೆ ಸರಿಯಾಗಿ ಒಣಗದಿದ್ದರೆ ತಿರುಚಿಕೊಳ್ಳುತ್ತದೆ. ಮಾವಿನ ಮರಕ್ಕೆ ಬೇಗ ಕುಟ್ಟೆ, ಅಂದರೆ ಮರ ಕೊರೆಯುವ ಹುಳು, ಹಿಡಿಯುತ್ತದೆ; ಬೇಡ. ರಬ್ಬರ್ ಮರವನ್ನು ಔಷಧ ಹಾಯಿಸಿ ಒಣಗಿಸಿದ್ದಾದರೆ ಮಾತ್ರ, ಅದೂ ಏಣಿ ಮತ್ತು ತಡೆಪಟ್ಟಿಗೆ, ಬಳಸಬಹುದು.

ಮರದ ಜಾತಿಗಿಂತ ಮುಖ್ಯವಾದದ್ದು ತೇವ. ಕೊಯ್ದ ಹಲಗೆ ನೆರಳಿನಲ್ಲಿ ಒಣಗಲು ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಬೇಕು ಎಂಬುದು ಆಚಾರಿಗಳ ಹಳೆಯ ಲೆಕ್ಕ. ಹೀಗಿರುವಾಗ 3 ಇಂಚಿನ ಕಂಬವನ್ನು ಹಸಿಯಾಗಿ ತಂದು ತಿಂಗಳೊಳಗೆ ಕೂಡಿಸುವುದು ವ್ಯರ್ಥ. ಹಿತ್ತಿಲಿನ ಹಲಸನ್ನು ಈ ವರ್ಷ ಕಡಿಸಿದವರು ಅದನ್ನು ಸೀಳಿಸಿ, ಸಾಲುಗಳ ನಡುವೆ ರೀಪು ಇಟ್ಟು ಅಟ್ಟಿ ಹಾಕಿ, ತುದಿಗಳಿಗೆ ಪೇಂಟ್ ಬಳಿದು ಬಿಟ್ಟುಬಿಡಲಿ; ಈ ಮಂಚಕ್ಕೆ ಬೇರೆ ಮರ ಹುಡುಕಲಿ.

ನನ್ನ ಆಯ್ಕೆ ಹಳೆಯ ಮರ. ಮಂಗಳೂರು ಮತ್ತು ಉಡುಪಿಯ ಸುತ್ತ ಹೆಂಚಿನ ಮನೆಗಳನ್ನು ಕೆಡವಿದಾಗ ಬರುವ ತೊಲೆ, ಪಕಾಸು, ದಾರಂದಗಳನ್ನು ಮಾರುವವರಿದ್ದಾರೆ. ದಶಕಗಳ ಕಾಲ ಮಾಡಿನಡಿ ಒಣಗಿದ ಮರ ಇನ್ನು ಕುಗ್ಗುವುದು ಕಡಿಮೆ. ಆದರೆ ಅದರಲ್ಲಿ ಮೊಳೆಗಳು ಮುರಿದು ಉಳಿದಿರುತ್ತವೆ. ಒಂದು ಬಲವಾದ ಅಯಸ್ಕಾಂತವನ್ನು ಉದ್ದಕ್ಕೂ ಎಳೆದು ನೋಡದೆ ಮಿಲ್ಲಿಗೆ ಒಯ್ದರೆ ಗರಗಸದ ಹಲ್ಲು ಹೋಗುತ್ತದೆ, ಬೈಗುಳ ಬೇರೆ. ತುದಿಯನ್ನು ನೆಲಕ್ಕೆ ಕುಟ್ಟಿದಾಗ ಹಿಟ್ಟಿನಂಥ ಪುಡಿ ಉದುರಿದರೆ ಅದು ಜೀವಂತ ಕುಟ್ಟೆ. ಆ ತುಂಡು ಎಷ್ಟೇ ಅಗ್ಗವಾದರೂ ಮನೆಯೊಳಗೆ ತರಬೇಡಿ.

ಇನ್ನೊಂದು ಸಾಮಾನ್ಯ ತಪ್ಪು: ಮಿಲ್ಲಿನಲ್ಲಿ 3×3 ಎಂದು ಕೊಯ್ದ ಕಂಬ ಕೀಸಿದ ಮೇಲೆ 2¾ ಇಂಚಿಗೆ ಇಳಿಯುತ್ತದೆ. ಇಲ್ಲಿ ಕೊಟ್ಟಿರುವುದೆಲ್ಲ ಕೀಸಿ ಮುಗಿದ ಅಳತೆ. ಕೊಯ್ಯಿಸುವಾಗ ಕಾಲು ಇಂಚು ಹೆಚ್ಚು ಹೇಳಿ, ಮತ್ತು ಪಟ್ಟಿ ಕೂರಲು ಕಂಬದಲ್ಲಿ ಕೊರೆಯುವ ಕಚ್ಚುಗಳನ್ನು ಕಂಬ ಕೀಸಿದ ನಂತರವೇ ಗುರುತು ಮಾಡಿ.

ಹಂತ 4: ಹತ್ಯಾರು ಮತ್ತು ಲೋಹದ ಸಾಮಾನು

ಟೇಪು, ಮೂಲೆಮಟ್ಟ, ಸ್ಪಿರಿಟ್ ಲೆವೆಲ್, ಕೈಗರಗಸ ಇಲ್ಲವೇ ಸರ್ಕ್ಯುಲರ್ ಸಾ, 1 ಇಂಚಿನ ಉಳಿ, ಕೊಡತಿ, ಡ್ರಿಲ್ ಮೆಷಿನ್, 10 ಮಿಲಿಮೀಟರಿನ ಉದ್ದನೆಯ ಮರದ ಬಿಟ್, ಕನಿಷ್ಠ ನಾಲ್ಕು ಕ್ಲ್ಯಾಂಪು, ಎರಡು ಸ್ಪ್ಯಾನರ್. ಕ್ಲ್ಯಾಂಪು ಇಲ್ಲದೆ ಸಂಭಾಳಿಸಬಹುದು ಎಂದು ಹೊರಟರೆ ರಂಧ್ರಗಳು ಓರೆಯಾಗುತ್ತವೆ, ಬಾಡಿಗೆಗಾದರೂ ತನ್ನಿ.

ಮುಖ್ಯ ಜೋಡಣೆಗಳಿಗೆ 10 ಮಿಲಿಮೀಟರ್ ದಪ್ಪ, 120 ಮಿಲಿಮೀಟರ್ ಉದ್ದದ 16 ಬೋಲ್ಟುಗಳು, ಪ್ರತಿಯೊಂದಕ್ಕೆ ಎರಡು ಅಗಲವಾದ ವಾಷರ್, ಒಳಗೆ ನೈಲಾನ್ ಉಂಗುರವಿರುವ ನಟ್ಟು. ಸಮುದ್ರದ ಉಪ್ಪುಗಾಳಿಗೆ ಸಾದಾ ಕಬ್ಬಿಣ ಎರಡೇ ಮಳೆಗಾಲದಲ್ಲಿ ತುಕ್ಕು ಹಿಡಿದು ಮರಕ್ಕೆ ಕಪ್ಪು ಕಲೆ ಬಿಡುತ್ತದೆ; ಸ್ಟೇನ್‌ಲೆಸ್ ಅಥವಾ ಸತು ಲೇಪಿಸಿದ್ದು ಬೇಕು. ಮಂಗಳೂರಿನ ಬಂದರು ಪ್ರದೇಶದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇವು ಬಿಡಿಯಾಗಿಯೂ ಸಿಗುತ್ತವೆ. ಜಿಪ್ಸಮ್ ಹಲಗೆಗೆಂದು ಮಾಡಿದ ಕಪ್ಪು ಸ್ಕ್ರೂಗಳನ್ನು ಮಂಚದ ಯಾವ ಭಾರದ ಜೋಡಣೆಗೂ ಬಳಸಬಾರದು. ಅವು ಬಾಗುವುದಿಲ್ಲ, ಸೂಚನೆ ಕೊಡದೆ ಮುರಿಯುತ್ತವೆ.

ಹಂತ 5: ಕಚ್ಚು ಕೊರೆದು ಬೋಲ್ಟ್ ಹಾಯಿಸುವುದು

ಈ ಹಂತಕ್ಕೆ ಒಂದು ಪೂರ್ತಿ ಭಾನುವಾರ ಇಟ್ಟುಕೊಳ್ಳಿ. ಭಾರವನ್ನು ಮರ ಹೊರಬೇಕು, ಬೋಲ್ಟು ಹಿಡಿದುಕೊಂಡಿರಬೇಕಷ್ಟೆ. ಬರಿಯ ಬೋಲ್ಟಿನ ಮೇಲೆ ಪಟ್ಟಿ ತೂಗಿದರೆ ಕ್ರಮೇಣ ರಂಧ್ರ ಅಂಡಾಕಾರವಾಗಿ, ಮಂಚ ಕಿರುಗುಟ್ಟಲು ತೊಡಗುತ್ತದೆ. ಆದ್ದರಿಂದ ಪ್ರತಿ ಕಂಬದಲ್ಲೂ ಉದ್ದಪಟ್ಟಿ ಕೂರುವ ಜಾಗದಲ್ಲಿ ಅರ್ಧ ಇಂಚು ಆಳ, ಸರಿಯಾಗಿ 5 ಇಂಚು ಎತ್ತರದ ಕಚ್ಚು ಕೊರೆಯಬೇಕು. ನಾಲ್ಕು ಕಂಬಗಳನ್ನು ಪಕ್ಕಪಕ್ಕ ಮಲಗಿಸಿ, ತಳಗಳನ್ನು ಒಂದೇ ಸಾಲಿಗೆ ತಂದು, ಕ್ಲ್ಯಾಂಪು ಬಿಗಿದು, ಎಲ್ಲಕ್ಕೂ ಒಂದೇ ಗೆರೆ ಎಳೆಯಿರಿ. ಒಂದೊಂದನ್ನೇ ಟೇಪಿನಲ್ಲಿ ಅಳೆದು ಗುರುತಿಸಿದರೆ ನಾಲ್ಕರಲ್ಲಿ ಒಂದು ಖಂಡಿತ ತಪ್ಪುತ್ತದೆ. ಗೆರೆಯ ಒಳಬದಿಯಲ್ಲೇ ಗರಗಸ ಆಡಿಸಿ, ಉಳಿದದ್ದನ್ನು ಉಳಿಯಿಂದ ತೆಗೆಯಿರಿ. ಪಟ್ಟಿಯನ್ನು ಕೈಯಿಂದ ಒತ್ತಿ, ಕೊಡತಿಯಿಂದ ಮೆಲ್ಲಗೆ ತಟ್ಟಿದಾಗ ಕೂರುವಷ್ಟು ಬಿಗಿ ಇರಬೇಕು.

ಅಡ್ಡಪಟ್ಟಿಗೂ ಹೀಗೆಯೇ ಕಚ್ಚು, ಆದರೆ ಉದ್ದಪಟ್ಟಿಗಿಂತ ಒಂದೂಕಾಲು ಇಂಚು ಕೆಳಗೆ. ಒಂದೇ ಕಂಬದೊಳಗೆ ಎರಡು ದಿಕ್ಕಿನಿಂದ ಬೋಲ್ಟುಗಳು ಹಾಯುತ್ತವೆ. ಎರಡೂ ಒಂದೇ ಎತ್ತರದಲ್ಲಿದ್ದರೆ ಕಂಬದ ನಡುವೆ ಡಿಕ್ಕಿಯಾಗುತ್ತವೆ. ಮೊದಲ ಸಾಲನ್ನು ಬಿಗಿದು, ಎರಡನೆಯದನ್ನು ಕೊರೆಯುವಾಗ ಡ್ರಿಲ್ಲಿನ ಬಿಟ್ ಉಕ್ಕಿಗೆ ತಾಗಿ ಕಿಡಿ ಹಾರಿದ ಮೇಲೆ ಇದು ನೆನಪಾಗುವವರೇ ಹೆಚ್ಚು. ಪ್ರತಿ ಪಟ್ಟಿಯ ಮೇಲಂಚಿನಿಂದ ಒಂದೂಕಾಲು ಮತ್ತು ಮೂರೂಮುಕ್ಕಾಲು ಇಂಚಿಗೆ ಎರಡು ರಂಧ್ರ ಗುರುತಿಸಿದರೆ ಎರಡು ದಿಕ್ಕಿನವೂ ಸರದಿಯಾಗಿ ಬರುತ್ತವೆ.

ಪಟ್ಟಿಯನ್ನು ಕಚ್ಚಿನಲ್ಲಿ ಕೂರಿಸಿ, ಕ್ಲ್ಯಾಂಪು ಬಿಗಿದು, ಎರಡನ್ನೂ ಒಟ್ಟಿಗೆ ಕೊರೆಯಿರಿ. ಬೇರೆ ಬೇರೆಯಾಗಿ ಕೊರೆದು ಹೊಂದಿಸಲು ನೋಡಬೇಡಿ. ಪ್ರತಿ ಜೋಡಣೆಗೂ ಕಾಣದ ಜಾಗದಲ್ಲಿ ಉಳಿಯಿಂದ ಗುರುತು ಮಾಡಿ, ಪಟ್ಟಿಗೂ ಕಂಬಕ್ಕೂ ಒಂದೇ ಗುರುತು. ಪೆನ್ಸಿಲ್ ಗುರುತು ಮರಳು ಕಾಗದ ಉಜ್ಜುವಾಗ ಹೋಗುತ್ತದೆ. ಮುಖ್ಯ ಜೋಡಣೆಗೆ ಅಂಟು ಹಾಕಬಾರದು. ಸುಮಾರು ನೂರು ಕಿಲೋ ತೂಗುವ ಈ ಮಂಚ ಮುಂದೊಂದು ದಿನ ಮಣಿಪಾಲದ ಬಾಡಿಗೆ ಮನೆಯ ಕಿರುಬಾಗಿಲಿನಿಂದ ಹೊರಗೆ ಬರಬೇಕಾದೀತು.

ಹಂತ 6: ಓಲಾಟ ನಿಲ್ಲಿಸುವ ಓರೆಪಟ್ಟಿಗಳು

ನಾಲ್ಕು ಕಂಬ, ನಾಲ್ಕು ಪಟ್ಟಿ ನಿಂತ ಮೇಲೆ ಕೆಲಸ ಮುಗಿಯಿತು ಎಂದು ಅನ್ನಿಸುತ್ತದೆ. ಒಂದು ಕೈಯಿಂದ ಕಂಬ ತಳ್ಳಿ ನೋಡಿ: ಇಡೀ ಚೌಕಟ್ಟು ಓರೆಯಾಗಿ ಮರಳುತ್ತದೆ. ನಾಲ್ಕು ಮೂಲೆಯ ಚೌಕಟ್ಟಿನ ಪ್ರತಿ ಜೋಡಣೆಯೂ ಸ್ವಲ್ಪ ಸ್ವಲ್ಪ ಕೀಲಿನಂತೆ ತಿರುಗುತ್ತದೆ. ಇನ್ನಷ್ಟು ದಪ್ಪ ಮರ ಹಾಕಿದರೂ, ಬೋಲ್ಟನ್ನು ಇನ್ನಷ್ಟು ಬಿಗಿದರೂ ಅದು ನಿಲ್ಲುವುದಿಲ್ಲ. ಆಕಾರ ಬದಲಿಸದೆ ನಿಲ್ಲುವುದು ತ್ರಿಕೋನ ಮಾತ್ರ. ಹಳೆಯ ಮಾಡುಗಳಲ್ಲಿ ಓರೆ ಕೊಟ್ಟಿರುವುದೂ ಇದಕ್ಕೇ.

ಓಲಾಟಕ್ಕೆ ಎರಡು ದಿಕ್ಕುಗಳಿವೆ, ಎರಡಕ್ಕೂ ಬೇರೆ ಬೇರೆ ತಡೆ ಬೇಕು. ಉದ್ದದ ದಿಕ್ಕಿಗೆ, ಗೋಡೆಯ ಬದಿಯಲ್ಲಿ ಒಂದು ಕಂಬದ ಬುಡದಿಂದ ಇನ್ನೊಂದರ ತಲೆಯತ್ತ 3×1 ಇಂಚಿನ ಪೂರ್ಣ ಓರೆಪಟ್ಟಿ; ಮೇಜಿಗೆ ಅದು ಅಡ್ಡವಾದರೆ 12 ಮಿಲಿಮೀಟರ್ ಪ್ಲೈವುಡ್ಡಿನ ಹಲಗೆಯನ್ನು ಕಂಬಕ್ಕೂ ಪಟ್ಟಿಗೂ 6 ಇಂಚಿಗೊಂದು ಸ್ಕ್ರೂ ಹೊಡೆದು ಕೂರಿಸಬಹುದು. ಅಗಲದ ದಿಕ್ಕಿಗೆ, ಎರಡೂ ತುದಿಗಳಲ್ಲಿ ಕಂಬಗಳ ನಡುವೆ ಓರೆಪಟ್ಟಿ, ಜೊತೆಗೆ ನೆಲದಿಂದ 8 ಇಂಚು ಮೇಲೆ ಒಂದು ಅಡ್ಡಪಟ್ಟಿ. ಮುಂಬದಿಯಲ್ಲಿ ಜಾಗ ತೆರೆದಿರಬೇಕಾದ್ದರಿಂದ, ಕಂಬ ಮತ್ತು ಉದ್ದಪಟ್ಟಿಯ ಮೂಲೆಗೆ 18 ಇಂಚು ಉದ್ದದ ಮೂಲೆಗೈಗಳನ್ನು 45 ಡಿಗ್ರಿಯಲ್ಲಿ ಕೊಡಿ.

ಓರೆಪಟ್ಟಿ ಹಿಡಿಸುವ ಮೊದಲು ಚೌಕಟ್ಟಿನ ಎರಡು ಕರ್ಣಗಳನ್ನು, ಅಂದರೆ ಎದುರುಬದುರು ಮೂಲೆಗಳ ಅಂತರವನ್ನು, ಅಳೆಯಲೇಬೇಕು. ಎರಡರ ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಉದ್ದ ಕರ್ಣದ ಮೂಲೆಗಳನ್ನು ಹಗ್ಗದಿಂದ ಎಳೆದು ಸರಿಮಾಡಿ. ಓರೆಯಾಗಿ ನಿಂತ ಚೌಕಟ್ಟಿಗೆ ಓರೆಪಟ್ಟಿ ಹೊಡೆದರೆ ಆ ಸೊಟ್ಟವೇ ಶಾಶ್ವತವಾಗುತ್ತದೆ.

ಹಂತ 7: ರೀಪುಗಳು

ಉದ್ದಪಟ್ಟಿಯ ಒಳಮುಖದ ತಳಕ್ಕೆ ಒಂದೂವರೆ ಇಂಚು ಚೌಕದ ಆಧಾರ ರೀಪನ್ನು ನೀರು ತಡೆಯುವ ಅಂಟು ಮತ್ತು 6 ಇಂಚಿಗೊಂದು 65 ಮಿಲಿಮೀಟರ್ ಸ್ಕ್ರೂವಿನಿಂದ ಹಿಡಿಸಿ. ಅದರ ಮೇಲೆ 3×1 ಇಂಚಿನ 15 ರೀಪುಗಳು, ನಡುವೆ 2 ಇಂಚಿನ ಸಂದು. ಅಗಲದ ನಡುವೆ ಉದ್ದಕ್ಕೂ ಇನ್ನೊಂದು 3×1½ ಇಂಚಿನ ಪಟ್ಟಿಯನ್ನು ಲಂಬವಾಗಿ ಕೊಟ್ಟರೆ ಮಂಡಿಯೂರಿ ಏಳುವಾಗ ರೀಪು ಬಾಗುವುದಿಲ್ಲ.

ರೀಪಿನ ಬದಲು ಒಂದೇ ಪ್ಲೈವುಡ್ ಹಲಗೆ ಹಾಸುವುದು ಸುಲಭ. ಒಣ ಊರುಗಳಲ್ಲಿ ಅದು ನಡೆದೀತು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈಯ ಬೆವರೂ ಗಾಳಿಯ ತೇವವೂ ಹಾಸಿಗೆಯ ಅಡಿ ಸೇರಿ ಹೊರಗೆ ಹೋಗಲು ದಾರಿಯಿಲ್ಲದೆ ಬೂಷ್ಟು ಕಟ್ಟುತ್ತದೆ. ಪ್ಲೈವುಡ್ಡೇ ಆಗಬೇಕೆಂದರೆ ಐಎಸ್ 710 ಮುದ್ರೆಯ ಮರೀನ್ ಪ್ಲೈ ತಂದು, 6 ಇಂಚಿಗೊಂದರಂತೆ ಒಂದು ಇಂಚಿನ ತೂತು ಕೊರೆಯಿರಿ.

ಹಂತ 8: ತಡೆಪಟ್ಟಿ ಮತ್ತು ಏಣಿ

ಅಮೆರಿಕದ ಗ್ರಾಹಕ ಸುರಕ್ಷತಾ ನಿಯಮಗಳು ಬಂಕ್ ಮಂಚಗಳಿಗೆ ಹೇಳಿರುವ ಎರಡು ಅಳತೆಗಳನ್ನು ಇಲ್ಲೂ ಪಾಲಿಸುವುದು ಒಳ್ಳೆಯದು: ತಡೆಪಟ್ಟಿ ಹಾಸಿಗೆಯ ಮೇಲ್ಮೈಗಿಂತ ಕನಿಷ್ಠ 5 ಇಂಚು ಎತ್ತರವಿರಬೇಕು, ಸಂದುಗಳು 3½ ಇಂಚಿಗಿಂತ ದೊಡ್ಡದಿರಬಾರದು. ಮಗುವಿನ ಮೈ ತೂರಿ ತಲೆ ಸಿಕ್ಕಿಬೀಳುವುದು ಅದಕ್ಕಿಂತ ದೊಡ್ಡ ಸಂದಿನಲ್ಲಿ. ಆರು ವರ್ಷದೊಳಗಿನ ಮಕ್ಕಳನ್ನು ಮೇಲೆ ಮಲಗಿಸಲೇಬಾರದು.

ನಮ್ಮ ಲೆಕ್ಕದಲ್ಲಿ ಉದ್ದಪಟ್ಟಿಯ ಮೇಲೆ 3 ಇಂಚು ಸಂದು, 3 ಇಂಚಿನ ಹಲಗೆ, ಮತ್ತೆ 3 ಇಂಚು ಸಂದು, ಮತ್ತೆ 3 ಇಂಚಿನ ಹಲಗೆ. ಹಾಸಿಗೆಯಿಂದ ಹತ್ತೂವರೆ ಇಂಚಿನ ತಡೆ ಸಿಗುತ್ತದೆ. ಮುಂದೆ ದಪ್ಪ ಹಾಸಿಗೆ ಕೊಂಡರೆ ಈ ಎತ್ತರ ಅಷ್ಟೇ ತಗ್ಗುತ್ತದೆ ಎಂಬುದು ನೆನಪಿರಲಿ. ಎರಡು ತುದಿಗಳಲ್ಲಿ ಒಂದು ಬಲೆ ಇದೆ: ಅಲ್ಲಿ ಅಡ್ಡಪಟ್ಟಿ ಒಂದೂಕಾಲು ಇಂಚು ಕೆಳಗಿರುವುದರಿಂದ, ಮುಂಬದಿಯ ಎತ್ತರಕ್ಕೇ ಹಲಗೆ ಹೊಡೆದರೆ ಸಂದು ನಾಲ್ಕೂಕಾಲು ಇಂಚಾಗುತ್ತದೆ. ಅಲ್ಲಿನ ಮೊದಲ ಹಲಗೆಗೆ 4½ ಇಂಚು ಅಗಲದ್ದನ್ನು ಬಳಸಿ. ಹಲಗೆಗಳನ್ನು ಕಂಬದ ಒಳಬದಿಗೆ ಹಿಡಿಸಿದರೆ ಒಳಗಿನಿಂದ ಬಿದ್ದ ಒತ್ತಡ ಕಂಬಕ್ಕೆ ಹೋಗುತ್ತದೆ, ಸ್ಕ್ರೂವಿಗಲ್ಲ. ತುದಿಗಳಲ್ಲಿ ಅದು ಸಾಧ್ಯವಾಗದ ಕಾರಣ ಅಲ್ಲಿ ಸ್ಕ್ರೂ ಬದಲು 6 ಮಿಲಿಮೀಟರಿನ ಬೋಲ್ಟು ಹಾಕಬೇಕು. ಗೋಡೆಯ ಬದಿಗೂ ತಡೆಪಟ್ಟಿ ಬೇಕು. ಗೋಡೆಗೂ ಮಂಚಕ್ಕೂ ನಡುವಿನ ಸಂದು ನಿದ್ದೆಯಲ್ಲಿ ಹೊರಳುವವರಿಗೆ ಅಪಾಯಕಾರಿ.

ಏಣಿಗೆ ಬಿಡುವ ತೆರವು 15 ಇಂಚು ಮೀರದಿರಲಿ. ಅಲ್ಲಿ ಹಲಗೆ ಕೊನೆಗೊಳ್ಳುವ ಜಾಗದಲ್ಲಿ ಉದ್ದಪಟ್ಟಿಗೆ ಬೋಲ್ಟ್ ಹಾಕಿದ ಒಂದು ಕುಳ್ಳು ಕಂಬ ನಿಲ್ಲಿಸಿ. ನೆಲದಿಂದ ಉದ್ದಪಟ್ಟಿಯ ತಲೆಯವರೆಗಿನ 65 ಇಂಚನ್ನು ಆರು ಸಮಭಾಗ ಮಾಡಿದರೆ ಐದು ಮೆಟ್ಟಿಲು, ಒಂದೊಂದರ ನಡುವೆ ಸುಮಾರು 10¾ ಇಂಚು. ಒಂದು ಮೆಟ್ಟಿಲಿನ ಅಂತರ ಬೇರೆಯಾದರೂ ರಾತ್ರಿ ಕತ್ತಲಲ್ಲಿ ಕಾಲು ತಪ್ಪುವುದು ಅಲ್ಲೇ. ದುಂಡು ಕೋಲು ಬೇಡ, 4 ಇಂಚು ಅಗಲದ ಚಪ್ಪಟೆ ಮೆಟ್ಟಿಲು, ಎರಡೂ ಬದಿಯ ಹಲಗೆಯಲ್ಲಿ ಅರ್ಧ ಇಂಚು ಕಚ್ಚು ಕೊಟ್ಟು. ತಲೆಯನ್ನು ಬೋಲ್ಟಿನಿಂದ ಹಿಡಿಸಿ, ಬುಡಕ್ಕೆ ರಬ್ಬರು ಅಂಟಿಸಿ. ನಯವಾದ ಟೈಲ್ಸಿನ ಮೇಲೆ ಬರಿಯ ಮರ ಜಾರುತ್ತದೆ.

ಹಂತ 9: ಬಿಚ್ಚಿ, ಪಾಲಿಶ್ ಮಾಡಿ, ಕೋಣೆಯೊಳಗೆ ಮತ್ತೆ ಕೂಡಿಸುವುದು

ಇಲ್ಲಿಯವರೆಗಿನ ಕೆಲಸವೆಲ್ಲ ಅಂಗಳದಲ್ಲೋ ಚಾವಡಿಯಲ್ಲೋ ನಡೆಯಲಿ. ಬಿಚ್ಚಿದ ಮೇಲೆ 120, ನಂತರ 220ರ ಮರಳು ಕಾಗದ ಉಜ್ಜಿ ಪಾಲಿಶ್ ಬಳಿಯಿರಿ. ಜುಲೈಯಲ್ಲಿ ಸ್ಪಿರಿಟ್ ಪಾಲಿಶ್ ಅಥವಾ ಲ್ಯಾಕರ್ ಹೊಡೆದರೆ ಗಾಳಿಯ ತೇವ ಸಿಕ್ಕಿಕೊಂಡು ಬಿಳಿ ಮಸುಕು ಕೂರುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ದಿನಗಳು ಇದಕ್ಕೆ ತಕ್ಕವು. ಗೆದ್ದಲಿಗೆಂದು ನಮ್ಮಲ್ಲಿ ಮಾಡಿನ ಮರಕ್ಕೆ ಬಳಿಯುವ ಗೇರು ಸಿಪ್ಪೆಯ ಎಣ್ಣೆಯನ್ನು ಮಂಚಕ್ಕೆ ಬಳಿಯಬೇಡಿ, ಅದು ಚರ್ಮವನ್ನು ಸುಡುತ್ತದೆ. ಕಂಬದ ತಳಕ್ಕೆ ಮಾತ್ರ ಮೂರು ಸಲ ಪಾಲಿಶ್ ಕುಡಿಸಿ ದಪ್ಪ ರಬ್ಬರಿನ ಪಾದ ಹಾಕಿ, ಇಲ್ಲವಾದರೆ ನೆಲ ಒರೆಸಿದ ನೀರನ್ನೆಲ್ಲ ಅದು ಹೀರುತ್ತದೆ.

ಗೋಡೆಯಿಂದ ಒಂದು ಇಂಚು ಬಿಟ್ಟು ನಿಲ್ಲಿಸಿ, ಆ ಸಂದಿಗೆ ಮರದ ತುಂಡು ಇಟ್ಟು ಎರಡು ಕಡೆ ಗೋಡೆಗೆ ಹಿಡಿಸಿ. ಕೆಂಪುಕಲ್ಲಿನ ಗೋಡೆಯಲ್ಲಿ ಪ್ಲಾಸ್ಟಿಕ್ ಪ್ಲಗ್ಗು ಬೇಗ ಸಡಿಲವಾಗುತ್ತದೆ. ಮಂಚದ ಎತ್ತರಕ್ಕೆ ಲಿಂಟಲ್ ಅಥವಾ ಕಾಂಕ್ರೀಟ್ ಕಂಬ ಸಿಕ್ಕರೆ ಆಂಕರ್ ಬೋಲ್ಟನ್ನು ಅಲ್ಲಿಗೇ ಹೊಡೆಯಿರಿ. ಡ್ರಿಲ್ ಮಾಡುವ ಮೊದಲು ವಿದ್ಯುತ್ ಪೈಪು ಎಲ್ಲಿ ಹೋಗಿದೆ ಎಂದು ಸ್ವಿಚ್ಚುಗಳ ನೇರ ನೋಡಿಕೊಳ್ಳಿ. ಹಳೆಯ ಮನೆಯ ನೆಲ ಮಟ್ಟವಾಗಿರುವುದು ಅಪರೂಪ. ಒಂದು ಕಾಲು ತೇಲಿದರೆ ಇನ್ನುಳಿದ ಮೂರನ್ನು ಕೊಯ್ಯಲು ಹೋಗದೆ ಅದರ ಅಡಿಗೆ ಗಟ್ಟಿ ತುಂಡು ಕೊಡಿ.

ಹಂತ 10: ಭಾರ ಹಾಕಿ ನೋಡುವುದು

ಮಲಗುವ ಮೊದಲು 25 ಕಿಲೋದ ಎಂಟು ಅಕ್ಕಿ ಮೂಟೆಗಳನ್ನು, ಎರಡೆರಡಾಗಿ, ರೀಪಿನ ಮೇಲೆ ಇಡುತ್ತ ಹೋಗಿ. ಉದ್ದಪಟ್ಟಿಯ ತುದಿಯಿಂದ ತುದಿಗೆ ಬಿಗಿದ ದಾರಕ್ಕೂ ಪಟ್ಟಿಗೂ ನಡುವೆ ಮಧ್ಯದಲ್ಲಿ 3 ಮಿಲಿಮೀಟರಿಗಿಂತ ಹೆಚ್ಚು ಜಗ್ಗಿದರೆ ಪಟ್ಟಿಯಲ್ಲಿ ಗಂಟೋ ಸೀಳೋ ಇದೆ, ಇಳಿಸಿ ಹುಡುಕಬೇಕು. ಮೂಟೆಗಳನ್ನು ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಮತ್ತೆ ಅಳೆಯಿರಿ.

ಮೊದಲ ವರ್ಷ ಬೋಲ್ಟುಗಳನ್ನು ಮೂರು ಸಲ ಬಿಗಿಯಬೇಕು: ಒಂದು ತಿಂಗಳಿಗೆ, ಮಳೆ ನಿಂತ ಅಕ್ಟೋಬರ್‌ನಲ್ಲಿ, ಮರ ಹೆಚ್ಚು ಒಣಗಿರುವ ಫೆಬ್ರವರಿಯಲ್ಲಿ. ಮಳೆಗಾಲದ ನಡುವೆ ಮರ ಉಬ್ಬಿರುವಾಗ ಬಲವಾಗಿ ತಿರುಗಿಸಿದರೆ ವಾಷರ್ ಮರದೊಳಗೆ ಕಚ್ಚಿಕೊಂಡು, ಬೇಸಗೆಯಲ್ಲಿ ಇನ್ನಷ್ಟು ಸಡಿಲವಾಗುತ್ತದೆ.

ಕೆಲವು ಸೂಚನೆಗಳು ಕಂಡ ದಿನವೇ ಮೇಲೆ ಮಲಗುವುದನ್ನು ನಿಲ್ಲಿಸಬೇಕು: ಬೋಲ್ಟಿನ ರಂಧ್ರದಿಂದ ಮರದ ಎಳೆಯ ಜೊತೆ ಹೊರಟ ಸೀಳು, ಬಿಗಿದ ವಾರದೊಳಗೆ ಮತ್ತೆ ತೂಗತೊಡಗುವ ಚೌಕಟ್ಟು, ಕಂಬದ ಬುಡದಲ್ಲಿ ಮೇಲೇರುವ ಮಣ್ಣಿನ ಗೆರೆ. ಕಿರುಗುಟ್ಟುವ ಸದ್ದು ಮಾತ್ರ ಇದ್ದರೆ ಅಷ್ಟು ಆತಂಕ ಬೇಡ. ಹೆಚ್ಚಾಗಿ ರೀಪು ಆಧಾರಕ್ಕೆ ಉಜ್ಜುವ ಜಾಗದಲ್ಲಿ ಮೇಣದಬತ್ತಿ ಸವರಿದರೆ ಹೋಗುತ್ತದೆ.